ವಿಡಿಯೊ ಮುಗಿದ ಮೇಲಿನ ಹತ್ತು ನಿಮಿಷ

ಜುಲೈ ಬಂತು ಅಂದರೆ ನಮ್ಮ ಘಟ್ಟದ ಊರುಗಳಲ್ಲಿ ಶಾಲೆಗೆ ಮಳೆ ರಜೆ ಶುರು. ಬೆಳಿಗ್ಗೆ ಬೆಳಿಗ್ಗೆ ಜಿಲ್ಲಾಧಿಕಾರಿಗಳ ಆದೇಶ ಫೋನಿಗೆ ಬರುತ್ತದೆ. ಅದರ ಹಿಂದೆಯೇ ಹತ್ತನೇ ತರಗತಿಯ ವಾಟ್ಸಾಪ್ ಗ್ರೂಪಿಗೆ ನಾವು ಶಿಕ್ಷಕರು ಒಬ್ಬರಾದ ಮೇಲೆ ಒಬ್ಬರು ಯೂಟ್ಯೂಬ್ ಲಿಂಕ್ ಹಾಕುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಉತ್ತರ ಸಾಲುಗಟ್ಟಿ ಬಂದಿರುತ್ತದೆ. 'ನೋಡಿದೆ ಮೇಡಂ.' 'ಅರ್ಥ ಆಯ್ತು ಮೇಡಂ.' ಕೆಲವರದ್ದು ಬರೀ ಹೆಬ್ಬೆರಳು. ರಜೆ ಮುಗಿದು ತರಗತಿಗೆ ಬಂದಾಗ ಅದೇ ಪಾಠದ ಮೇಲೆ ಒಂದು ಪ್ರಶ್ನೆ ಕೇಳಿದರೆ ಇಡೀ ತರಗತಿ ನೆಲ ನೋಡುತ್ತದೆ.

ಮಕ್ಕಳು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರು ನೋಡಿದ್ದು ನಿಜ. ನೋಡುವಾಗ ಅರ್ಥ ಆಗಿದ್ದೂ ನಿಜ. ಹಾಗಾದರೆ ಎರಡೇ ದಿನದಲ್ಲಿ ಅದೆಲ್ಲ ಎಲ್ಲಿಗೆ ಹೋಯಿತು? 2020ರಲ್ಲಿ ಶಾಲೆ ಮುಚ್ಚಿದಾಗ ಹುಟ್ಟಿದ ಈ ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಕೊರೊನಾ ಹೋಯಿತು, ಆದರೆ ಫೋನಿನ ಪಾಠ ಹೋಗಲಿಲ್ಲ. ಮಳೆ ರಜೆಗೆ ವಿಡಿಯೊ, ಶಿಕ್ಷಕರಿಲ್ಲದ ವಿಷಯಕ್ಕೆ ವಿಡಿಯೊ, ಟ್ಯೂಷನ್ನಿಗೆ ಹೋಗಲಾಗದ ಮಕ್ಕಳಿಗೆ ವಿಡಿಯೊ. ಹೈಸ್ಕೂಲಿನ ಮಕ್ಕಳು ದಿನದ ಒಂದಷ್ಟು ಕಲಿಕೆಯನ್ನು ಪರದೆಯ ಮುಂದೆ ಮಾಡುತ್ತಾರೆ ಅನ್ನುವುದು ಈಗ ಮಾಮೂಲಿ ಸಂಗತಿ.

ನಮ್ಮ ಹತ್ತನೇ ತರಗತಿಯ ವಿಜ್ಞಾನದಲ್ಲಿ 'ನಿಯಂತ್ರಣ ಮತ್ತು ಸಹಭಾಗಿತ್ವ' ಅಂತ ಒಂದು ಪಾಠ ಇದೆ. ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು. ಮೆದುಳಿನ ಚಿತ್ರ ಬರೆದು ಭಾಗ ಗುರುತಿಸಿ ಅನ್ನುವ ಪ್ರಶ್ನೆಗೆ ವರ್ಷ ವರ್ಷ ಮಕ್ಕಳನ್ನು ತಯಾರು ಮಾಡುತ್ತೇವೆ. ಆದರೆ ಆ ಮೆದುಳು ಒಂದು ಪಾಠವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ಯಾಕೆ ಬಿಟ್ಟುಕೊಡುತ್ತದೆ ಅನ್ನುವುದರ ಬಗ್ಗೆ ಮಕ್ಕಳಿಗೆ ಯಾರೂ ಏನೂ ಹೇಳುವುದಿಲ್ಲ. ಅದು ಪರೀಕ್ಷೆಗೆ ಬರುವ ವಿಷಯವಲ್ಲ ಅಲ್ವಾ. ಎದುರಿಗೆ ಶಿಕ್ಷಕರೇ ಇಲ್ಲದೆ ಕಲಿಯಬೇಕಾದ ಮಗುವಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದೇ ತಿಳಿವಳಿಕೆ ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ.

ಹೃದಯದ ಚಿತ್ರ

2020ರಲ್ಲಿ ಮರ ಹತ್ತಿ, ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದ ಮಕ್ಕಳ ಫೋಟೊ ಎಲ್ಲರೂ ನೋಡಿದ್ದೇವೆ. ಎಲ್ಲ ಚರ್ಚೆಯೂ ಅದರ ಮೇಲೇ ಆಯಿತು. ಆಗಬೇಕಾದದ್ದೇ. ಆದರೆ ಗುಡ್ಡ ಹತ್ತಿದ ಮೇಲೆ, ಸಿಗ್ನಲ್ ಸಿಕ್ಕಿದ ಮೇಲೆ, ಪಾಠ ಪರದೆಯ ಮೇಲೆ ಬಂದ ಮೇಲೆ ಏನಾಯಿತು ಅಂತ ಜಾಸ್ತಿ ಜನ ಕೇಳಲಿಲ್ಲ.

ನಾನು ಅದನ್ನು ಹತ್ತಿರದಿಂದ ನೋಡಿದ್ದು ನಮ್ಮ ಪಕ್ಕದ ಮನೆಯಲ್ಲಿ. ಅವರ ಮನೆಯ ಹುಡುಗಿ ಹತ್ತನೇ ತರಗತಿ. ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠ ಬರುತ್ತಿತ್ತಲ್ಲ, ಅವಳು ಒಂದನ್ನೂ ತಪ್ಪಿಸುತ್ತಿರಲಿಲ್ಲ. ಕಾಲು ಮಡಚಿ ಕೂತು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಪರದೆಯ ಮೇಲೆ ಬಂದ ಅಕ್ಷರ ಒಂದೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಒಂದು ದಿನ ಜೀವಕ್ರಿಯೆಗಳ ಪಾಠ, ರಕ್ತ ಪರಿಚಲನೆ. ನಾನೂ ಅಲ್ಲೇ ಕೂತಿದ್ದೆ. ಪಾಠ ಚೆನ್ನಾಗಿಯೇ ಇತ್ತು. ಹೃದಯದ ಚಿತ್ರ, ಬಾಣದ ಗುರುತು, ನೀಲಿ ಕೆಂಪು ಬಣ್ಣ, ಸ್ಪಷ್ಟವಾದ ಮಾತು. ಅವಳು ನಡುನಡುವೆ ತಲೆಯಾಡಿಸುತ್ತಿದ್ದಳು. ಮುಗಿದ ಮೇಲೆ ಟಿವಿ ಆರಿಸಿ, ನೋಟ್‌ಬುಕ್ ಮುಚ್ಚಿಸಿ, ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಟ್ಟು ಹೇಳಿದೆ: ಹೃದಯ ಬರಿ, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ತೋರಿಸು.

ಅವಳು ಉತ್ಸಾಹದಿಂದ ಪೆನ್ನು ಹಿಡಿದಳು. ಒಂದು ಹೊರಗಿನ ಗೆರೆ ಬಂತು. ನಾಲ್ಕು ಕೋಣೆ ಬಂದವು. ಮೇಲಿನವು ಹೃತ್ಕರ್ಣ, ಕೆಳಗಿನವು ಹೃತ್ಕುಕ್ಷಿ ಅಂತ ಬರೆದಳು. ಪೆನ್ನು ಅಲ್ಲಿಗೆ ನಿಂತಿತು. ಶ್ವಾಸಕೋಶದಿಂದ ಬರುವ ರಕ್ತ ಯಾವ ಕೋಣೆಗೆ? ಅವಳ ಮುಖದಲ್ಲಿ ಬಂದದ್ದು ನಿಜವಾದ ಆಶ್ಚರ್ಯ. ಈಗಷ್ಟೇ ನೋಡಿದ್ನಲ್ಲಾ, ಅಂದಳು. ಕೈ ತಾನಾಗಿಯೇ ನೋಟ್‌ಬುಕ್ಕಿನ ಕಡೆ ಹೋಯಿತು. ಬೇಡ, ಸ್ವಲ್ಪ ಹೊತ್ತು ಯೋಚಿಸು ಅಂದೆ. ಸುಮಾರು ಹೊತ್ತು ಹಾಳೆ ನೋಡುತ್ತಾ ಕೂತಳು. ಆಮೇಲೆ ತನ್ನಷ್ಟಕ್ಕೆ ಮಾತಾಡಿಕೊಳ್ಳಲು ಶುರು ಮಾಡಿದಳು. ಮೈಗೆಲ್ಲ ರಕ್ತ ಕಳಿಸೋದು ಎಡ ಹೃತ್ಕುಕ್ಷಿ. ಅದಕ್ಕೇ ಅದರ ಗೋಡೆ ದಪ್ಪ. ಮೈಗೆ ಹೋಗೋದು ಆಕ್ಸಿಜನ್ ಇರೋ ರಕ್ತ. ಆಕ್ಸಿಜನ್ ಸಿಗೋದು ಶ್ವಾಸಕೋಶದಲ್ಲಿ. ಹಾಗಾದ್ರೆ ಅಲ್ಲಿಂದ ಬರೋದು ಎಡಗಡೆಗೇ ಬರ್ಬೇಕು, ಮೇಲಿನ ಕೋಣೆಗೆ. ಬಾಣ ಹಾಕಿದಳು. ಉಳಿದದ್ದು ಸರಸರ ಬಂತು.

ಅವತ್ತು ಅವಳು ಕಲಿತದ್ದು ಯಾವಾಗ? ಟಿವಿ ನೋಡುವಾಗಲೋ, ಆರಿಸಿದ ಮೇಲೋ? ನನ್ನ ಇಡೀ ಬರಹ ಇದೊಂದು ಪ್ರಶ್ನೆಯ ಸುತ್ತಲೇ ಇದೆ.

ಹೊರಗೆ ತೆಗೆಯುವ ಕೆಲಸ

ಮೆದುಳು ವಿಜ್ಞಾನ ಅಂದ ತಕ್ಷಣ ನಮಗೆ ಸ್ಕ್ಯಾನ್ ಚಿತ್ರ, ದೊಡ್ಡ ದೊಡ್ಡ ಹೆಸರು ನೆನಪಾಗುತ್ತವೆ. ಆದರೆ ಶಿಕ್ಷಕರಿಗೆ ಉಪಯೋಗಕ್ಕೆ ಬರುವ ಸಂಶೋಧನೆಗಳು ತುಂಬಾ ಸರಳ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಓದಲು ಚಿಕ್ಕ ಚಿಕ್ಕ ಪಾಠ ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಕಡಲ ನೀರುನಾಯಿಗಳ ಬಗ್ಗೆ. ಒಂದು ಪಾಠವನ್ನು ಎರಡು ಸಲ ಓದಬೇಕು. ಇನ್ನೊಂದನ್ನು ಒಂದೇ ಸಲ ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿದ್ದದ್ದನ್ನು ಬರೆಯಬೇಕು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದ್ದೇ ಮೇಲು, ಶೇ 81ರಷ್ಟು ನೆನಪು, ನೆನಪು ಮಾಡಿ ಬರೆದದ್ದಕ್ಕೆ ಶೇ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ಎರಡು ಸಲ ಓದಿದ್ದು ಶೇ 42ಕ್ಕೆ ಇಳಿಯಿತು, ನೆನಪು ಮಾಡಿ ಬರೆದದ್ದು ಶೇ 56ರಲ್ಲಿ ನಿಂತಿತು. ಅದೇ ಸಂಶೋಧನೆಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮತ್ತೆ ಮತ್ತೆ ಓದಿದವರಿಗೇ 'ನನಗೆ ಇದು ನೆನಪಿರ್ತದೆ' ಅನ್ನುವ ಧೈರ್ಯ ಜಾಸ್ತಿ ಇತ್ತು.

'ಓದಿ ಓದಿ ಮರುಳಾದ ಕೂಚಂಭಟ್ಟ' ಅಂತ ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಇಲ್ಲಿಗೂ ಹೊಂದಿಸಬಹುದು. ಎರಡನೇ ಸಲ ಓದುವಾಗ ಪಾಠ ಸಲೀಸಾಗಿ ಸಾಗುತ್ತದೆ. ಆ ಸಲೀಸನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ. ವಿಡಿಯೊದಲ್ಲಿ ಇದು ಇನ್ನೂ ಹೆಚ್ಚು. ಒಳ್ಳೆಯ ಶಿಕ್ಷಕರ ವಿಡಿಯೊದಲ್ಲಿ ಎಲ್ಲೂ ತೊಡಕೇ ಇರುವುದಿಲ್ಲ, ಎಡಿಟ್ ಆಗಿರುತ್ತದೆ, ಹಿನ್ನೆಲೆ ಸಂಗೀತ ಇರುತ್ತದೆ, ನೋಡುವ ಮಗುವಿಗೆ ಹಾಯಾಗಿ ಅರ್ಥ ಆಗುತ್ತಾ ಹೋಗುತ್ತದೆ. ಆದರೆ ಬೇರೆಯವರು ಹೇಳಿದ್ದನ್ನು ಗುರುತು ಹಿಡಿಯುವುದೇ ಬೇರೆ, ನಮ್ಮ ತಲೆಯೊಳಗಿಂದ ನಾವೇ ಹೊರಗೆ ತೆಗೆಯುವುದೇ ಬೇರೆ. ಬೆಟ್ಟದ ಕಾಲುದಾರಿ ನಡೆದಷ್ಟೂ ಸವೆದು ಸ್ಪಷ್ಟವಾಗುತ್ತದಲ್ಲ, ನೆನಪೂ ಹಾಗೇ. ತೆಗೆದಷ್ಟು ಸಲವೂ ಮುಂದಿನ ಸಲ ತೆಗೆಯುವುದು ಸುಲಭವಾಗುತ್ತದೆ.

ನೆನಪು ಉಳಿಯಲು ಬೇಕಾದ ಎರಡನೆಯದು, ನಡುನಡುವೆ ಬಿಡುವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಮರೆವಿನ ಲೆಕ್ಕ ಬರೆದಿಟ್ಟ. ಅರ್ಥವಿಲ್ಲದ ಶಬ್ದಗಳ ಪಟ್ಟಿ ಬಾಯಿಪಾಠ ಮಾಡುವುದು, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಅಂತ ಅಳೆಯುವುದು. ಮರೆವು ಮೊದಲ ಒಂದೆರಡು ದಿನದಲ್ಲೇ ಜೋರು, ಆಮೇಲೆ ನಿಧಾನ ಅಂತ ಕಂಡಿತು. ಒಂದೇ ದಿನ ಕೂತು ಹತ್ತು ಸಲ ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿಕೊಂಡು ಮಾಡಿದರೆ ಕಡಿಮೆ ಶ್ರಮಕ್ಕೆ ಹೆಚ್ಚು ಉಳಿಯುತ್ತದೆ ಅನ್ನುವುದನ್ನೂ ಅವನೇ ತೋರಿಸಿದ. ಆಮೇಲಿನ ನೂರಾರು ಪ್ರಯೋಗಗಳು ಅದನ್ನೇ ಹೇಳಿವೆ. 2013ರಲ್ಲಿ ಡನ್‌ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಮೇಲೆ ಬಂದವು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಮತ್ತೆ ಮುಟ್ಟುವುದು. ಮತ್ತೆ ಮತ್ತೆ ಓದುವುದು, ಹೈಲೈಟರ್‌ನಲ್ಲಿ ಗೆರೆ ಎಳೆಯುವುದು ಕೆಳಗೆ ಹೋದವು. ನಮ್ಮ ಮಕ್ಕಳ ಪಠ್ಯಪುಸ್ತಕ ತೆರೆದು ನೋಡಿ, ಪುಟಕ್ಕೆ ಪುಟವೇ ಹಳದಿ.

ನಮ್ಮ ಅಜ್ಜಿಯ ಕಾಲದಲ್ಲಿ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಮಗ್ಗಿ ಹೇಳಬೇಕಿತ್ತು. ಪುಸ್ತಕ ಇಲ್ಲ, ಪಾಟಿ ಇಲ್ಲ. ಹೇಳುವಾಗ ತಪ್ಪಿದರೆ ಕೇಳುತ್ತಿದ್ದವರು ತಡೆಯುತ್ತಿದ್ದರು. ಬಾಯಿಪಾಠವನ್ನೆಲ್ಲ ನಾನು ಎತ್ತಿ ಹಿಡಿಯುವುದಿಲ್ಲ, ಅರ್ಥವಿಲ್ಲದ ಉರು ಮಕ್ಕಳನ್ನು ಎಷ್ಟು ದೂರ ತಳ್ಳಿದೆ ಅಂತ ನನಗೆ ಗೊತ್ತು. ಆದರೆ ದಿನಾ ಸಂಜೆ, ನೋಡದೆ, ಇನ್ನೊಬ್ಬರ ಮುಂದೆ ಹೇಳುವುದು ಅನ್ನುವ ಮೂರು ಅಂಶಗಳಿದ್ದವಲ್ಲ, ಮೂರೂ ಮೆದುಳಿಗೆ ಹಿಡಿಸುವಂಥವು. ಫೋನಿನ ಪಾಠದಲ್ಲಿ ಮೂರೂ ಬಿಟ್ಟುಹೋದವು.

ನಲವತ್ತು ನಿಮಿಷದ ಪೀರಿಯಡ್ಡು ಪರದೆಗೆ ಹೋದಾಗ

ಲಾಕ್‌ಡೌನ್‌ನಲ್ಲಿ ಎಲ್ಲರೂ ಮಾಡಿದ್ದು ಒಂದೇ. ತರಗತಿಯ ಪೀರಿಯಡ್ಡನ್ನು ಹಾಗೇ ಎತ್ತಿ ಪರದೆಗೆ ಹಾಕಿದೆವು. ಅಷ್ಟು ಬೇಗ ಬೇರೇನೂ ಮಾಡಲು ಸಾಧ್ಯವೂ ಇರಲಿಲ್ಲ. ಆದರೆ ತರಗತಿಯ ನಲವತ್ತು ನಿಮಿಷ ನಿಜಕ್ಕೂ ನಲವತ್ತು ನಿಮಿಷದ ಭಾಷಣ ಅಲ್ಲ. ನಡುವೆ ಯಾರನ್ನೋ ಎಬ್ಬಿಸಿ ಕೇಳುತ್ತೇವೆ, ಬೋರ್ಡಿಗೆ ಕರೆಯುತ್ತೇವೆ, ಕೊನೆಯ ಬೆಂಚಿನವನ ಮುಖ ನೋಡಿ ಹಿಂದಕ್ಕೆ ಹೋಗುತ್ತೇವೆ. ಪರದೆಯಲ್ಲಿ ಇದೆಲ್ಲ ಕಳಚಿ ಬರೀ ಮಾತು ಉಳಿಯಿತು.

ತಲೆಯಲ್ಲಿ ಒಂದೇ ಹೊತ್ತಿಗೆ ಹಿಡಿದಿಟ್ಟುಕೊಂಡು ಕೆಲಸ ಮಾಡಬಹುದಾದ ಹೊಸ ಸಂಗತಿಗಳು ತೀರಾ ಕಡಿಮೆ. ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಸುಮಾರು ನಾಲ್ಕು ಅಂದರು. ಐದನೆಯದು ಬಂದರೆ ಮೊದಲಿನದ್ದು ಜಾರುತ್ತದೆ. ತರಗತಿಯಲ್ಲಿ ಮಗು ಕೈ ಎತ್ತಿ 'ಇನ್ನೊಂದ್ಸಲ ಹೇಳಿ' ಅನ್ನಬಹುದು. ವಿಡಿಯೊವನ್ನು ಹಿಂದಕ್ಕೆ ಓಡಿಸಬಹುದಲ್ಲ ಅಂತ ನೀವು ಕೇಳಬಹುದು. ಓಡಿಸಬಹುದು, ಆದರೆ ತನಗೆ ಎಲ್ಲಿ ತಪ್ಪಿತು ಅಂತ ಗೊತ್ತಾದರೆ ತಾನೇ? 2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ನೋಡಿದವರು, ಆರು ನಿಮಿಷದ ಆಚೆ ನೋಡುಗರ ಗಮನ ಕುಸಿಯುತ್ತದೆ ಅಂತ ಕಂಡುಕೊಂಡರು. ಅವರಲ್ಲಿ ಬಹಳಷ್ಟು ಜನ ದೊಡ್ಡವರು, ತಾವಾಗಿಯೇ ಸೇರಿದವರು. ಹದಿನೈದು ವರ್ಷದ ಮಗುವಿನ ಕೈಲಿ ಅದೇ ಫೋನಿನಲ್ಲಿ ರೀಲ್ಸೂ ಇರುತ್ತದೆ.

ಪರಿಹಾರ ಕಷ್ಟದ್ದಲ್ಲ. ಹಾರ್ವರ್ಡ್‌ನ ಕಾರ್ಲ್ ಸ್ಪುನಾರ್ ಮತ್ತು ಜೊತೆಗಾರರು 2013ರಲ್ಲಿ ಸಂಖ್ಯಾಶಾಸ್ತ್ರದ ಒಂದು ವಿಡಿಯೊ ಪಾಠವನ್ನು ನಾಲ್ಕು ತುಂಡು ಮಾಡಿದರು. ಕೆಲವರಿಗೆ ಪ್ರತಿ ತುಂಡಿನ ಕೊನೆಗೆ ಪುಟ್ಟ ಪರೀಕ್ಷೆ ಕೊಟ್ಟರು. ಅವರ ಮನಸ್ಸು ಬೇರೆಡೆ ಅಲೆದಾಡುವುದು ಸುಮಾರು ಅರ್ಧಕ್ಕೆ ಇಳಿಯಿತು, ನೋಟ್ಸ್ ಬರೆದುಕೊಳ್ಳುವುದು ಹೆಚ್ಚಿತು, ಕೊನೆಯ ಪರೀಕ್ಷೆಯ ಅಂಕವೂ ಹೆಚ್ಚಿತು. ನಾನು ಈಗ ಲಿಂಕ್ ಹಾಕುವಾಗ ಜೊತೆಗೆ ಹೀಗೆ ಬರೆಯುತ್ತೇನೆ: 5ನೇ ನಿಮಿಷಕ್ಕೆ ನಿಲ್ಲಿಸಿ, ಫೋನ್ ಬೋರಲು ಇಡಿ, ಈ ಪ್ರಶ್ನೆಗೆ ನೋಡದೆ ಉತ್ತರ ಬರೆಯಿರಿ. ಆಮೇಲೆ ಮುಂದಿನ ತುಂಡು. ಉತ್ತರದ ಫೋಟೊ ಕಳಿಸಿದರೆ ಸಾಕು, 'ಅರ್ಥ ಆಯ್ತು' ಅಂತ ಬರೆಯುವುದು ಬೇಡ. ತಪ್ಪು ಉತ್ತರವಾದರೂ ಸರಿ. ತಪ್ಪು ಉತ್ತರದ ಫೋಟೊ ನನಗೆ ಹೆಬ್ಬೆರಳಿಗಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ಇನ್ನೊಂದು ವಿಷಯ, ವಿಡಿಯೊ ಮಾಡುವ ಶಿಕ್ಷಕ ಗೆಳೆಯರಿಗೆ. ಪರದೆ ತುಂಬಾ ಪಠ್ಯಪುಸ್ತಕದ ವಾಕ್ಯಗಳನ್ನು ಹಾಕಿ ಅದನ್ನೇ ಗಟ್ಟಿಯಾಗಿ ಓದುವ ಪಾಠಗಳು ತುಂಬಾ ಇವೆ. ಕಣ್ಣಿಗೂ ಕಿವಿಗೂ ಒಂದೇ ಮಾತು ಒಟ್ಟಿಗೆ ಹೋದರೆ ನೆರವಾಗುವುದಕ್ಕಿಂತ ತೊಡಕಾಗುವುದೇ ಜಾಸ್ತಿ ಅಂತ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಚಿತ್ರ ಇರಲಿ, ಮಾತು ಇರಲಿ, ಅಕ್ಷರ ಕಡಿಮೆ ಇರಲಿ. ಬರೆದು ತಂದ ಚಿತ್ರಕ್ಕಿಂತ ಮಾತಾಡುತ್ತಾ ಕೈಯಿಂದ ಬರೆದ ಚಿತ್ರ ಒಳ್ಳೆಯದು. ಅದಕ್ಕೆ ದುಬಾರಿ ಬೋರ್ಡ್ ಬೇಡ. ಫೋನನ್ನು ಎರಡು ಪುಸ್ತಕದ ರಾಶಿಯ ನಡುವೆ ಇಟ್ಟು ಕೆಳಗೆ ಬಿಳಿ ಹಾಳೆ ಇಟ್ಟರೆ ಆಯಿತು.

(ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮೆದುಳಿನ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೇನ್ ಆಕ್ಟಿವೇಷನ್' ತರಬೇತಿಗೆ ಸಾವಿರಾರು ರೂಪಾಯಿ ಕಟ್ಟಿದ ಪೋಷಕರು ನಮ್ಮ ತಾಲೂಕಿನಲ್ಲೂ ಇದ್ದಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದರ ಹುಳುಕನ್ನು ಮೂಗಿನ ಪಕ್ಕದ ಸಂದಿಯಿಂದ ಇಣುಕುವ ಉಪಾಯದ ಸಮೇತ ಊರೂರಲ್ಲಿ ತೋರಿಸಿದ್ದಾರೆ. ಮಗು ನೋಡಿ ಕಲಿಯುವ ಜಾತಿಯೋ ಕೇಳಿ ಕಲಿಯುವ ಜಾತಿಯೋ ಅಂತ ವಿಂಗಡಿಸಿ ಪಾಠ ಮಾಡಬೇಕು ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. ಇಂಥದ್ದಕ್ಕೆ ದಯವಿಟ್ಟು ದುಡ್ಡು ಕೊಡಬೇಡಿ.)

ಕೀಪ್ಯಾಡ್ ಫೋನಿನ ಪಾಠ

2020ರ ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ದೇವಸ್ಥಾನದ ಪಡಸಾಲೆ, ಮರದ ಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಆಮೇಲೆ ನಮ್ಮ ಗಣಿತದ ಮಾಸ್ತರು ಶುರು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವರ ತರಗತಿಯ ಅರ್ಧದಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ, ಇದ್ದರೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಆದರೆ ಮಾತಾಡುವ ಫೋನು ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಇತ್ತು. ಸಂಜೆ ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು.

ಒಂದು ಸಂಜೆಯ ಕರೆ ನನಗೆ ಮಾತು ಮಾತಿಗೂ ನೆನಪಿದೆ. ಸ್ಪೀಕರ್ ಹಾಕಿದ್ದರು. ಅಜ್ಜಿ ಎತ್ತಿ, 'ಮಾಸ್ತರ ಫೋನು, ಬಾರಾ' ಅಂತ ಕೂಗಿ ಮೊಮ್ಮಗನಿಗೆ ಕೊಟ್ಟರು. ಆ ಕಡೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದು.

'ಪುಸ್ತಕ ಮುಚ್ಚಿದ್ಯಾ?'

'ಹೂಂ ಸರ್.'

'ಸಮಾಂತರ ಶ್ರೇಢಿ. ಎನ್‌ನೇ ಪದದ ಸೂತ್ರ ಹೇಳು.'

ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ನನಗೇ ತಡೆಯಲಾಗದೆ ಬಾಯಿ ತೆರೆಯಬೇಕು ಅನ್ನಿಸಿತು. ಮಾಸ್ತರು ಕೈ ಎತ್ತಿ ನನ್ನನ್ನು ತಡೆದರು. ಸುಮ್ನೆ ಕಾದರು.

'ಎ ಪ್ಲಸ್ ಎನ್ ಡಿ?'

'ಸರಿ, ನೋಡ್ವಾ. 3, 5, 7 ಅಂತ ಹೋಗ್ತದೆ. ಎ ಎಷ್ಟು?'

'ಮೂರು.'

'ಡಿ?'

'ಎರಡು.'

'ಮೊದಲನೇ ಪದ ಬೇಕು. ಎನ್ ಜಾಗದಲ್ಲಿ ಒಂದು ಹಾಕು, ನಿನ್ನ ಸೂತ್ರದಲ್ಲೇ.'

'ಮೂರು ಪ್ಲಸ್... ಐದು ಬರ್ತದೆ ಸರ್.'

ಮಾಸ್ತರು ಮತ್ತೆ ಏನೂ ಹೇಳಲಿಲ್ಲ. ಮತ್ತೆ ಮಳೆ.

'ಆದ್ರೆ ಮೊದಲನೇದು ಮೂರು... ಒಂದು ಡಿ ಜಾಸ್ತಿ ಆಯ್ತು. ಎನ್ ಮೈನಸ್ ಒನ್! ಎ ಪ್ಲಸ್ ಎನ್ ಮೈನಸ್ ಒನ್ ಇಂಟು ಡಿ.'

'ಯಾಕೆ ಮೈನಸ್ ಒನ್?'

'ಮೊದಲನೇ ಪದಕ್ಕೆ ಏನೂ ಕೂಡಿಸೋದಿಲ್ಲ ಅಲ್ವಾ ಸರ್.'

ಹೆಚ್ಚೆಂದರೆ ನಾಲ್ಕು ನಿಮಿಷದ ಕರೆ. ಡೇಟಾ ಬೇಕಾಗಲಿಲ್ಲ, ಆ್ಯಪ್ ಬೇಕಾಗಲಿಲ್ಲ. ಆ ಹುಡುಗ ಸೂತ್ರವನ್ನು ತಲೆಯಿಂದ ತೆಗೆಯಲು ಹೋದ, ತಪ್ಪು ಸಿಕ್ಕಿತು, ತಪ್ಪು ಅಂತ ಅವನೇ ಕಂಡುಕೊಂಡ, ಸರಿ ಮಾಡಿದ, ಯಾಕೆ ಅಂತ ತನ್ನ ಮಾತಿನಲ್ಲಿ ಹೇಳಿದ. ಇಷ್ಟೂ ಕೆಲಸ ಒಂದು ಗಂಟೆಯ ವಿಡಿಯೊದಲ್ಲಿ ಒಂದು ಸಲವೂ ಆಗದೇ ಹೋಗಬಹುದು. ಆ ಮೌನ ಇದೆಯಲ್ಲ, ಅದನ್ನು ತುಂಬಲು ಹೋಗದೆ ಇದ್ದದ್ದೇ ಮಾಸ್ತರ ದೊಡ್ಡ ಕೆಲಸ. ರಾಬರ್ಟ್ ಬ್ಯೋರ್ಕ್ ಅನ್ನುವ ವಿಜ್ಞಾನಿ 'ಬೇಕಾದ ಕಷ್ಟ' ಅಂತ ಕರೆದದ್ದು ಇಂಥದ್ದನ್ನೇ. ಕಲಿಯುವಾಗ ಸ್ವಲ್ಪ ತಿಣುಕಿದರೆ ಕಲಿತದ್ದು ಬಹಳ ದಿನ ಉಳಿಯುತ್ತದೆ. ತೀರಾ ಹೆಚ್ಚು ತಿಣುಕಿದರೆ ಮಗು ಫೋನೇ ಎತ್ತುವುದಿಲ್ಲ. ಎಷ್ಟು ಕಾಯಬೇಕು, ಯಾವಾಗ 3, 5, 7 ಅಂತ ಒಂದು ಮೆಟ್ಟಿಲು ಹಾಕಿಕೊಡಬೇಕು ಅನ್ನುವುದು ಮಗುವನ್ನು ಬಲ್ಲವರಿಗೇ ಗೊತ್ತಾಗುವುದು.

ಮಾಸ್ತರು ಹೀಗೆ ಫೋನ್ ಮಾಡುತ್ತಿದ್ದ ವರ್ಷವೇ ದೂರದ ಬೋಟ್ಸ್‌ವಾನಾದಲ್ಲಿ ನೋಮ್ ಆ್ಯಂಗ್ರಿಸ್ಟ್ ಮತ್ತು ಜೊತೆಗಾರರು ಸುಮಾರು 4,500 ಕುಟುಂಬಗಳ ಜೊತೆ ಇಂಥದ್ದೇ ಪ್ರಯೋಗ ಮಾಡುತ್ತಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳು, ಗಣಿತ. ಕೆಲವರಿಗೆ ವಾರಕ್ಕೊಂದು ಎಸ್ಸೆಮ್ಮೆಸ್ ಲೆಕ್ಕ ಮಾತ್ರ, ಕೆಲವರಿಗೆ ಅದರ ಜೊತೆ ವಾರಕ್ಕೊಮ್ಮೆ ಸುಮಾರು 20 ನಿಮಿಷದ ಕರೆ. ಬರೀ ಎಸ್ಸೆಮ್ಮೆಸ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ, ಕರೆ ಸೇರಿದಾಗ ಮಕ್ಕಳ ಲೆಕ್ಕ ಸುಧಾರಿಸಿತು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ಇದೇ ರೀತಿಯ ಪ್ರಯೋಗ ನಡೆದು ಕರೆಯಿಂದ ಪ್ರಯೋಜನ ಇದೆ ಅಂತ ಮತ್ತೆ ಕಂಡಿತು. ಕಳಿಸುವುದು ಮಾತ್ರ ಸಾಲದು, ಯಾರಾದರೂ ಕೇಳಿಸಿಕೊಳ್ಳಬೇಕು.

ಹದಿಹರೆಯದ ಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಆ ವಯಸ್ಸಿನ ಮೆದುಳಿಗೆ ಎಲ್ಲಕ್ಕಿಂತ ದೊಡ್ಡದು ಬೇರೆಯವರು, ಅದರಲ್ಲೂ ಓರಗೆಯವರು. ಮುಂದಾಲೋಚನೆ ಮಾಡಿ, ತಾನೇ ವೇಳಾಪಟ್ಟಿ ಹಾಕಿಕೊಂಡು, ತನ್ನನ್ನು ತಾನು ತಡೆದುಕೊಳ್ಳುವ ಮುಮ್ಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿಗೆ. ನಾವು ಫೋನು ಕೈಗೆ ಕೊಟ್ಟು, ಬಾಗಿಲು ಹಾಕಿ, ನೀನೇ ಓದಿಕೋ ಅಂದೆವು. ಆಮೇಲೆ ಜವಾಬ್ದಾರಿ ಇಲ್ಲ ಅಂತ ಬೈದೆವು. ಈ ಬೈಗುಳ ನನಗೆ ಅನ್ಯಾಯ ಅನ್ನಿಸುತ್ತದೆ.

ಮರೆತವರು ಈಗ ಎಲ್ಲಿದ್ದಾರೆ

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳ ಕಲಿಕೆ ನೋಡಿದರು. 2ರಿಂದ 6ನೇ ತರಗತಿಯವರು. ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಭಾಷೆಯಲ್ಲಿ ಶೇ 92 ಮಕ್ಕಳು, ಗಣಿತದಲ್ಲಿ ಶೇ 82 ಮಕ್ಕಳು ಕಳೆದುಕೊಂಡಿದ್ದರು. ಹೊಸ ಪಾಠ ತಪ್ಪಿಹೋದದ್ದು ಬೇರೆ ಲೆಕ್ಕ, ಇದು ಮೊದಲೇ ಬರುತ್ತಿದ್ದದ್ದು ಹೋದ ಲೆಕ್ಕ. ಆಗ ಆರನೇ ತರಗತಿಯಲ್ಲಿದ್ದವರು 2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಎರಡನೇ ತರಗತಿಯಲ್ಲಿದ್ದವರು ಇನ್ನೂ ಹಿಂದಿನಿಂದ ಬರುತ್ತಿದ್ದಾರೆ. ಎಂಟನೇ ತರಗತಿಗೆ ಬಂದ ಮಗುವಿಗೆ ಭಾಗಾಕಾರ ಬರುವುದಿಲ್ಲ ಅಂತ ಬೇಸರ ಮಾಡಿಕೊಳ್ಳುವಾಗ ನಾನು ಈ ಲೆಕ್ಕ ನೆನಪು ಮಾಡಿಕೊಳ್ಳುತ್ತೇನೆ.

ಪ್ರತಿ ಜೂನ್‌ನಲ್ಲಿ ಮಾಡುವ ಸೇತುಬಂಧದ ಹಿಂದಿನ ಆಲೋಚನೆ ಒಳ್ಳೆಯದು. ಹೋದ ವರ್ಷದ್ದನ್ನು ಮತ್ತೆ ಮುಟ್ಟಿ ಮುಂದೆ ಹೋಗುವುದು. ಆದರೆ ಜೂನ್‌ನಲ್ಲಿ ಒಮ್ಮೆ ಮುಟ್ಟಿ, ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ ಅಂತ ದಾಖಲೆ ಬರೆದು ಕಡತ ಮುಚ್ಚಿದರೆ ಅದು ಬಿಡುವಿನ ಕಲಿಕೆ ಆಗುವುದಿಲ್ಲ. ಜುಲೈಯಲ್ಲಿ, ಸೆಪ್ಟೆಂಬರಿನಲ್ಲಿ, ದಸರಾ ರಜೆಯಲ್ಲಿ ಅದೇ ಪ್ರಶ್ನೆ ಮತ್ತೆ ಬರಬೇಕು. ಫೋನಿನ ನಿಜವಾದ ಉಪಯೋಗ ಇಲ್ಲಿದೆ. ಹೊಸ ಪಾಠವನ್ನು ತರಗತಿಯಲ್ಲೇ ಮಾಡೋಣ. ಮಳೆ ರಜೆಯ ದಿನ ಹೊಸ ಪಾಠದ ವಿಡಿಯೊ ಹಾಕುವುದಕ್ಕಿಂತ ಹದಿನೈದು ದಿನದ ಹಿಂದಿನ ಪಾಠದ ಮೂರು ಪ್ರಶ್ನೆ ಕಳಿಸುವುದು ಮೇಲು ಅಂತ ನನ್ನ ಅಭಿಪ್ರಾಯ.

2021ರ ಜುಲೈ 19 ಮತ್ತು 22ರಂದು ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪಿದೆ ಅಲ್ವಾ. ಎರಡೇ ದಿನ, ಎಲ್ಲವೂ ಬಹು ಆಯ್ಕೆ, ಒಎಂಆರ್ ಹಾಳೆ. 8 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಆ ಹೊತ್ತಿಗೆ ಅದು ಬೇಕಿತ್ತು, ನಡೆಸಿದವರ ಶ್ರಮ ದೊಡ್ಡದು. ಆದರೆ ಒಂದು ವರ್ಷ ವಿಡಿಯೊ ನೋಡಿ, ಕೊನೆಗೆ ನಾಲ್ಕರಲ್ಲಿ ಸರಿಯಾದದ್ದನ್ನು ಗುರುತು ಹಿಡಿದ ಮಕ್ಕಳು ಪಿಯುಸಿಗೆ ಹೋಗಿ ಖಾಲಿ ಹಾಳೆಯ ಮುಂದೆ ಕೂತಾಗ ಪಟ್ಟ ಪಾಡನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಗೊತ್ತು ಮೇಡಂ, ಆದ್ರೆ ಬರೆಯೋಕೆ ಬರ್ತಿಲ್ಲ ಅನ್ನುತ್ತಿದ್ದರು.

ಐದು ಗಂಟೆಯ ಕರೆ

ನಿದ್ದೆಯ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಮನೆಯ ಒಂದೇ ಫೋನು ಮಗುವಿನ ಕೈಗೆ ಸಿಗುವುದು ರಾತ್ರಿ ಅಪ್ಪ ಊಟ ಮಾಡಿದ ಮೇಲೆ. ಹತ್ತರಿಂದ ಹನ್ನೊಂದೂವರೆ ತನಕ ವಿಡಿಯೊ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವ ಶಿಕ್ಷಕರನ್ನೂ ನಾನು ಬಲ್ಲೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಏರುವುದೇ ತಡ. ಬೇಗ ಮಲಗು ಅಂದರೂ ಅವರಿಗೆ ನಿದ್ದೆ ಬರುವುದಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ, ಈ ವಯಸ್ಸಿನವರ ಶಾಲೆ 8:30ಕ್ಕಿಂತ ಮೊದಲು ಶುರುವಾಗಬಾರದು ಅಂತಲೇ ಹೇಳಿತು. ಸಿಯಾಟಲ್ ನಗರ ಶಾಲೆಯ ಸಮಯವನ್ನು 7:50ರಿಂದ 8:45ಕ್ಕೆ ತಳ್ಳಿದಾಗ ಮಕ್ಕಳು ದಿನಕ್ಕೆ 34 ನಿಮಿಷ ಹೆಚ್ಚು ನಿದ್ದೆ ಮಾಡಿದರು.

ಈ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ. ಹಗಲು ಕಲಿತದ್ದನ್ನು ಮೆದುಳು ಮತ್ತೆ ಓಡಿಸಿ ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಹಿಪೊಕ್ಯಾಂಪಸ್ ಅನ್ನುವ ಭಾಗ ಅವತ್ತಿನದ್ದನ್ನು ಮೆದುಳಿನ ಬೇರೆ ಭಾಗಗಳಿಗೆ ದಾಟಿಸುವ ಕೆಲಸ ಆಗ ನಡೆಯುತ್ತದೆ. ಐದೂವರೆ ಗಂಟೆ ಮಲಗಿದ ಮಗುವಿಗೆ ಎಷ್ಟು ಒಳ್ಳೆಯ ವಿಡಿಯೊ ತೋರಿಸಿ ಏನು? ಐದು ಗಂಟೆಯ ಆ ಕರೆಯನ್ನು ಸಂಜೆ ಏಳಕ್ಕೆ ತಂದು, 'ಎದ್ಯಾ' ಅಂತ ಕೇಳುವ ಬದಲು ಒಂದು ಲೆಕ್ಕ ಕೇಳಿದರೆ ಅದೇ ಶ್ರಮಕ್ಕೆ ಎಷ್ಟೋ ಹೆಚ್ಚು ಫಲ.

ಇನ್ನೂ ಬಗೆಹರಿಯದ್ದು

ಇಷ್ಟೆಲ್ಲ ಕೇಳಿದ ಮೇಲೆ ಶಿಕ್ಷಕ ಗೆಳೆಯರು ನ್ಯಾಯವಾಗಿಯೇ ಕೇಳುತ್ತಾರೆ. ಐವತ್ತು ಅರವತ್ತು ಮಕ್ಕಳು, ಆರು ವಿಷಯ, ಯಾರು ಫೋನ್ ಮಾಡುವುದು? ಸಮೀಕ್ಷೆ, ಜನಗಣತಿ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಮುಗಿಸಿದ ಮೇಲೆ ಸಂಜೆ ಉಳಿಯುವುದೇ ಅಷ್ಟು. ನಿಜ. ಕರೆಗೆ ಹೋಗುವ ಹೊತ್ತನ್ನು ಕೆಲಸದ ಹೊತ್ತು ಅಂತ ಇಲಾಖೆ ಒಪ್ಪಬೇಕು. ಸ್ಮಾರ್ಟ್ ಕ್ಲಾಸಿನ ಪರದೆಗೆ ಹಣ ಸಿಗುವಷ್ಟು ಸುಲಭವಾಗಿ ಇದಕ್ಕೆ ಸಿಗುವುದಿಲ್ಲ, ಯಾಕೆಂದರೆ ಉದ್ಘಾಟನೆ ಮಾಡಲು ಇದರಲ್ಲಿ ಏನೂ ಇಲ್ಲ.

ನಾನು ಸದ್ಯಕ್ಕೆ ಮಾಡುತ್ತಿರುವುದು ಮಕ್ಕಳನ್ನು ಜೋಡಿ ಮಾಡುವುದು. ಮಳೆ ರಜೆಯ ದಿನ ಇಬ್ಬರೂ ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಫೋನಿನಲ್ಲಿ ಮೂರು ಪ್ರಶ್ನೆ ಕೇಳಬೇಕು. ಉತ್ತರ ಬರದಿದ್ದರೆ ತಕ್ಷಣ ಹೇಳಿಕೊಡಬಾರದು, ಹತ್ತರವರೆಗೆ ಎಣಿಸಬೇಕು. ಗೆಳತಿ ಕೇಳುತ್ತಾಳೆ ಅಂದರೆ ಓದಿಕೊಂಡು ಕೂತಿರುತ್ತಾರೆ. ನನಗೆ ಹೆದರಿ ಅಷ್ಟು ಓದುವುದಿಲ್ಲ. ಹುಡುಗಿಯರ ಮನೆಯಲ್ಲಿ 'ಯಾರ ಫೋನು, ಎಷ್ಟೊತ್ತು' ಅನ್ನುವ ತಕರಾರು ಬರುತ್ತದೆ, ಅದಕ್ಕೆ ತಾಯಂದಿರ ಸಭೆಯಲ್ಲೇ ಹೇಳಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ ಅಂದಿದ್ದೇನೆ. ಕೇಳಿಸಿಕೊಂಡ ಒಬ್ಬ ತಾಯಿ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತದೆ ಅಂತ ಮುಂದಿನ ಸಭೆಯಲ್ಲಿ ನನಗೇ ಹೇಳಿದರು. ಕರೆಂಟು ಹೋಗಿ ಟವರ್ ಸತ್ತ ದಿನ ಇದೂ ಇಲ್ಲ. ಕೂಗಳತೆಯಲ್ಲಿ ಜೊತೆಗಾರರಿಲ್ಲದ ಒಂಟಿ ಮನೆಗಳ ಮಕ್ಕಳು ನಮ್ಮ ಶಾಲೆಯಲ್ಲಿ ಕೆಲವರಿದ್ದಾರೆ. ಅವರಿಗೆ ಪ್ರಶ್ನೆ ಬರೆದ ಚೀಟಿಗಳನ್ನು ಮೊದಲೇ ಲಕೋಟೆಗೆ ಹಾಕಿ ಕೊಟ್ಟು ನೋಡಬೇಕು ಅಂತಿದ್ದೇನೆ, ದಿನಕ್ಕೊಂದು ಚೀಟಿ, ಹಿಂಬದಿಯಲ್ಲಿ ಉತ್ತರ. ಆದರೆ ಹಿಂಬದಿ ತಿರುಗಿಸುವ ಮೊದಲು ಕಾಯುವಂತೆ ಮಾಡಲು ಅಲ್ಲಿ ಯಾರೂ ಇರುವುದಿಲ್ಲ. ಇದಕ್ಕೆ ನಿಮ್ಮ ಶಾಲೆಯಲ್ಲಿ ಏನಾದರೂ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ.